ನಿಮ್ಮ ಕನ್ನಡ ಕಡತವನ್ನು ಅವರಿಗೂ ಕೊಡಿ

ಕನ್ನಡದಲ್ಲಿ ಪುಸ್ತಕ ಬರೆಯುವವರಲ್ಲಿ, ಪ್ರಕಟಿಸುವವರಲ್ಲಿ, ಪತ್ರಿಕೆ ನಡೆಸುವವರಲ್ಲಿ, ಡಿಟಿಪಿ ಮಾಡುವವರಲ್ಲಿ, ಕಚೇರಿಯಲ್ಲಿ ಕೂತು ಸುತ್ತೋಲೆ ಟೈಪಿಸುವವರಲ್ಲಿ, ಕಾಲೇಜಿನಲ್ಲಿ ನೋಟ್ಸ್ ಹಂಚುವ ಮೇಷ್ಟ್ರುಗಳಲ್ಲಿ ಒಂದು ಮನವಿ. ನೀವು ಬರೆದ ಕನ್ನಡ ಕಣ್ಣು ಕಾಣದವರಿಗೂ ಓದಲು ಸಿಗುವಂತಿರಲಿ. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಿಲ್ಲ, ಹೊಸ ಕಾಯ್ದೆ ಬರಬೇಕಿಲ್ಲ, ಅನುದಾನಕ್ಕೆ ಕಾಯಬೇಕಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಕಡತವನ್ನು ಸರಿಯಾದ ರೂಪದಲ್ಲಿ ಉಳಿಸಿ, ಬೇಕಾದವರಿಗೆ ಕೊಟ್ಟರೆ ಸಾಕು. ಇಷ್ಟು ಸಣ್ಣ ಕೆಲಸ ಆಗದಿರುವುದರಿಂದ ಎಷ್ಟು ಜನರ ಓದು ನಿಂತಿದೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಮಂದಿ ದೃಷ್ಟಿದೋಷವುಳ್ಳವರು. ಅದು ಹಳೆಯ ಎಣಿಕೆ. ವಯಸ್ಸಾಗಿ ಅಕ್ಷರ ಮಸುಕಾದವರು, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡವರು, ಕೈಯಲ್ಲಿ ಪುಸ್ತಕ ಹಿಡಿಯಲಾಗದವರು, ಅಕ್ಷರಗಳನ್ನು ಗುರುತಿಸಲು ತೊಡಕಿರುವ ಡಿಸ್ಲೆಕ್ಸಿಯಾ ಮಕ್ಕಳು, ಇವರೆಲ್ಲ ಸೇರಿದರೆ ಅಚ್ಚಾದ ಪುಟ ಯಾರಿಗೆ ಮುಚ್ಚಿದ ಬಾಗಿಲಾಗಿದೆಯೋ ಅಂಥವರ ಗುಂಪು ಇನ್ನೂ ದೊಡ್ಡದು.

ಇವರಲ್ಲಿ ಬಹಳ ಮಂದಿ ಈಗ ಓದುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಪರದೆಯ ಮೇಲಿರುವ ಬರಹವನ್ನು ಅದು ದನಿಯಾಗಿ ಓದಿ ಹೇಳುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ. ಮೈಕೆಲ್ ಕರ್ರನ್ ಎಂಬ ಆಸ್ಟ್ರೇಲಿಯಾದ ಅಂಧ ಯುವಕ 2006ರಲ್ಲಿ ಅದನ್ನು ಕಟ್ಟಲು ಶುರು ಮಾಡಿದರು, ಮತ್ತೊಬ್ಬ ಅಂಧ ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು. ಆಗ ಚಾಲ್ತಿಯಲ್ಲಿದ್ದ ಇಂಥ ತಂತ್ರಾಂಶಗಳ ಬೆಲೆ ಹತ್ತಾರು ಸಾವಿರ ರೂಪಾಯಿ. ಕಣ್ಣಿದ್ದವರು ಕಂಪ್ಯೂಟರಿಗೆ ಕೊಡುವಷ್ಟೇ ಹಣವನ್ನು ಕಣ್ಣಿಲ್ಲದವರು ಅದನ್ನು ಮಾತಾಡಿಸುವುದಕ್ಕೇ ಮತ್ತೊಮ್ಮೆ ಕೊಡಬೇಕೆಂಬುದು ಅವರಿಬ್ಬರಿಗೂ ಅನ್ಯಾಯವಾಗಿ ಕಂಡಿತ್ತು. ಹಾಗಾಗಿ ಎನ್‌ವಿಡಿಎ ಇಂದಿಗೂ ಉಚಿತ. ಅದರ ಜೊತೆಗೇ ಬರುವ ಇ-ಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಕೇಳಲು ಇಂಪಾದ ಧ್ವನಿಯಲ್ಲ, ಯಂತ್ರದ್ದೇ ಧ್ವನಿ. ಆದರೂ ರೂಢಿಯಾದವರು ಅದನ್ನು ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗದಲ್ಲಿ ಕೇಳಿಸಿಕೊಂಡು ಓದುತ್ತಾರೆ. ಗೂಗಲ್‌ನ ಕನ್ನಡ ಧ್ವನಿ ಇನ್ನಷ್ಟು ಸಹಜವಾಗಿದೆ.

ಅಂದರೆ ಓದಲು ಬೇಕಾದ ಸಾಧನ ಕನ್ನಡಕ್ಕೂ ಬಂದಿದೆ. ಬಾರದಿರುವುದು ಅದಕ್ಕೆ ಓದಲು ಕೊಡಬೇಕಾದ ಕನ್ನಡ.

ಯಾಕೆಂದು ತಿಳಿಯಬೇಕಾದರೆ ಈ ತಂತ್ರಾಂಶ ಓದುವ ಬಗೆಯನ್ನು ಅರಿಯಬೇಕು. ಅದು ಅಕ್ಷರದ ಆಕಾರವನ್ನು ನೋಡುವುದಿಲ್ಲ. ಆ ಅಕ್ಷರಕ್ಕೆ ಕಂಪ್ಯೂಟರಿನ ಒಳಗೆ ಕೊಟ್ಟಿರುವ ಸಂಕೇತವನ್ನು ಹಿಡಿದು ಮಾತಾಡುತ್ತದೆ. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿತ್ತು. ಆದರೆ ನಮ್ಮ ಕಂಪ್ಯೂಟರುಗಳು ಅದನ್ನು ಬೆಂಬಲಿಸಲು ಹಲವು ವರ್ಷ ಹಿಡಿದವು. ಆ ನಡುವಿನ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿನಲ್ಲಿ ಮೂಡಿಸಲು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳ ಸಂಕೇತಗಳನ್ನೇ ಇಟ್ಟುಕೊಂಡು, ಫಾಂಟಿನಲ್ಲಿ ಅವುಗಳ ಆಕಾರವನ್ನು ಮಾತ್ರ ಕನ್ನಡದ್ದಾಗಿ ಬದಲಾಯಿಸಿದರು. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳೆಲ್ಲ ಹೀಗೆ ಹುಟ್ಟಿದವು. ಆ ಉಪಾಯ ಕನ್ನಡವನ್ನು ಕಾಪಾಡಿತು, ಅದನ್ನು ಮಾಡಿದವರ ಋಣ ನಮ್ಮ ಮೇಲಿದೆ. ಆದರೆ ನುಡಿಯ ಹಳೆಯ ಫಾಂಟಿನಲ್ಲಿ ನಾವು ‘ಕನ್ನಡ’ ಎಂದು ಟೈಪಿಸಿದರೆ ಕಂಪ್ಯೂಟರಿನ ಒಳಗೆ ಉಳಿಯುವುದು ಒಂದು ‘ಪಿ’, ಮೇಲೆ ಗೀಟಿರುವ ಒಂದು ‘ಎ’, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ‘ಕ್ಯೂ’, ಮತ್ತೆ ಅದೇ ‘ಎ’. ಕಣ್ಣಿಗೆ ಅದು ಕನ್ನಡವಾಗಿ ಕಾಣುತ್ತದೆ. ಸ್ಕ್ರೀನ್ ರೀಡರ್ ಓದುವುದು ‘ಪಿ, ಎ, ಪೌಂಡ್’ ಎಂದು. ಇಡೀ ಪುಸ್ತಕ ಹೀಗೆಯೇ ಇದ್ದರೆ ಆರಂಭದಿಂದ ಕೊನೆಯವರೆಗೆ ಅರ್ಥವಿಲ್ಲದ ಸದ್ದು.

ಯುನಿಕೋಡನ್ನು ಕಂಪ್ಯೂಟರುಗಳೂ ಫೋನುಗಳೂ ಒಪ್ಪಿಕೊಂಡು ಹಲವು ವರ್ಷಗಳಾಗಿವೆ. ರಾಜ್ಯ ಸರ್ಕಾರವೂ ಅದನ್ನು ಶಿಷ್ಟತೆಯೆಂದು ಒಪ್ಪಿಯಾಗಿದೆ. ಆದರೂ ಕನ್ನಡದ ಮುದ್ರಣ ಪ್ರಪಂಚದ ಬಹುಪಾಲು ಇಂದಿಗೂ ಹಳೆಯ ಫಾಂಟಿನಲ್ಲೇ ನಡೆಯುತ್ತಿದೆ. ಕಾರಣ ಎಲ್ಲ ಮುದ್ರಣಾಲಯಗಳಿಗೂ ಗೊತ್ತು. ಪುಟ ಕಟ್ಟುವುದು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ. 2001ರಲ್ಲಿ ಬಂದ ಏಳನೇ ಆವೃತ್ತಿಗೆ ಅದರ ಬೆಳವಣಿಗೆ ನಿಂತಿತು, ಯುನಿಕೋಡ್ ಕನ್ನಡ ಅದರಲ್ಲಿ ಕೂರುವುದೇ ಇಲ್ಲ. ಡಿಟಿಪಿ ಮಾಡುವವರ ಕೈಗೆ ಅದೇ ಒಗ್ಗಿದೆ, ಪುಟಕ್ಕಿಷ್ಟು ಎಂದು ಸಿಗುವ ಸಣ್ಣ ಕೂಲಿಯಲ್ಲಿ ಹೊಸದನ್ನು ಕಲಿಯಲು ಅವರಿಗೆ ಬಿಡುವೂ ಇಲ್ಲ, ಕಲಿತರೆ ಹೆಚ್ಚು ಕೊಡುವವರೂ ಇಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ.

ಇದರ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಈ ಮನವಿಯ ಒಡಲಿನಲ್ಲಿರುವ ಸಂಕಟ ಅದೇ.

ಇಂಗ್ಲಿಷ್ ಬಲ್ಲ ಅಂಧ ವ್ಯಕ್ತಿಗೆ ಇಂದು ಬುಕ್‌ಶೇರ್ ಎಂಬ ಒಂದೇ ಗ್ರಂಥಾಲಯದಲ್ಲಿ ಲಕ್ಷಾಂತರ ಪುಸ್ತಕಗಳಿವೆ. ಹೊಸ ಕಾದಂಬರಿ ಅಂಗಡಿಗೆ ಬಂದ ದಿನವೇ ಇ-ಪುಸ್ತಕವಾಗಿ ಅವರ ಫೋನಿಗೂ ಬರುತ್ತದೆ. ಪತ್ರಿಕೆ, ಪ್ರಬಂಧ, ನ್ಯಾಯಾಲಯದ ತೀರ್ಪು, ಅಡುಗೆಯ ಕ್ರಮ, ಏನು ಬೇಕಾದರೂ ಹುಡುಕಿ ಓದಬಹುದು. ಅದೇ ಫೋನನ್ನು ಹಿಡಿದ, ಕನ್ನಡ ಮಾತ್ರ ಬಲ್ಲ ಅಂಧ ವ್ಯಕ್ತಿಗೆ ಸಿಗುವುದು ಅದರ ಸಣ್ಣದೊಂದು ಚೂರು. ಅವರ ಮುಂದಿರುವುದು ಚಿತ್ರರೂಪದ ಇ-ಪೇಪರು, ಹಳೆಯ ಫಾಂಟಿನ ಪಿಡಿಎಫ್ಫು, ಸ್ಕ್ಯಾನ್ ಮಾಡಿದ ಸುತ್ತೋಲೆ. ಕೇಂದ್ರ ಸರ್ಕಾರದ ಸುಗಮ್ಯ ಪುಸ್ತಕಾಲಯ 2016ರಲ್ಲಿ ಅಂಧ ಓದುಗರಿಗೆಂದೇ ಶುರುವಾಯಿತು. ಅಲ್ಲಿಯೂ ಕನ್ನಡದ ಪಾಲು ಇಂಗ್ಲಿಷಿನದರ ಮುಂದೆ ತೀರಾ ಸಣ್ಣದು.

ಈಗ ಇಂಗ್ಲಿಷ್ ಬಲ್ಲ ಅಂಧರು ಯಾರು, ಕನ್ನಡ ಮಾತ್ರ ಬಲ್ಲವರು ಯಾರು ಎಂದು ಯೋಚಿಸಿ. ಮೊದಲನೆಯವರು ಹೆಚ್ಚಾಗಿ ನಗರದವರು, ಓದಿದ ತಂದೆತಾಯಿಯ ಮಕ್ಕಳು, ಬೆಂಗಳೂರಿನ ತರಬೇತಿ ಕೇಂದ್ರಗಳಿಗೆ ಬಸ್ಸಿನಲ್ಲಿ ಹೋಗಿಬರಬಲ್ಲವರು. ದೇಶದ ಅಂಗವಿಕಲರಲ್ಲಿ ನೂರಕ್ಕೆ 69 ಮಂದಿ ಹಳ್ಳಿಯಲ್ಲಿದ್ದಾರೆ ಎಂದು ಅದೇ ಜನಗಣತಿ ಹೇಳುತ್ತದೆ. ಹಾವೇರಿಯ, ಯಾದಗಿರಿಯ, ಪಾವಗಡದ ಹಳ್ಳಿಯಲ್ಲಿ ಹುಟ್ಟಿ, ದೂರದ ಅಂಧರ ಶಾಲೆಯ ವಸತಿನಿಲಯದಲ್ಲಿ ಬೆಳೆದು, ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಕಾಲೇಜಿಗೆ ಬಂದ ಮಕ್ಕಳು ಎರಡನೆಯವರು. ದೃಷ್ಟಿದೋಷ ಇಬ್ಬರಿಗೂ ಒಂದೇ. ಓದಲು ತೆರೆದಿರುವ ಲೋಕ ಮಾತ್ರ ಒಂದೇ ಅಲ್ಲ. ಯಾರಿಗೆ ಹೆಚ್ಚು ನೆರವು ಬೇಕೋ ಅವರಿಗೇ ಕಡಿಮೆ ಸಿಗುತ್ತಿದೆ.

ಜಗತ್ತಿನ ಲೆಕ್ಕವೂ ಇದನ್ನೇ ದೊಡ್ಡದಾಗಿ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ವರದಿಯಂತೆ 250 ಕೋಟಿಗೂ ಹೆಚ್ಚು ಜನರಿಗೆ ಕನ್ನಡಕ, ಶ್ರವಣ ಸಾಧನ, ಗಾಲಿಕುರ್ಚಿ, ನೆರವಿನ ತಂತ್ರಾಂಶ ಇಂಥ ಯಾವುದಾದರೂ ಒಂದು ಸಾಧನ ಬೇಕು. ಅವರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ಸಿಕ್ಕಿಲ್ಲ. ಶ್ರೀಮಂತ ದೇಶಗಳಲ್ಲಿ ಬೇಕಾದವರಲ್ಲಿ ನೂರಕ್ಕೆ 90 ಮಂದಿಗೆ ಸಿಕ್ಕರೆ ಕೆಲವು ಬಡ ದೇಶಗಳಲ್ಲಿ ಸಿಗುವುದು ನೂರಕ್ಕೆ ಮೂವರಿಗೆ. ಪುಸ್ತಕದ ವಿಷಯದಲ್ಲಿ ವಿಶ್ವ ಅಂಧರ ಒಕ್ಕೂಟದ ಅಂದಾಜು ಇನ್ನೂ ಕಠೋರ. ಪ್ರಕಟವಾಗುವ ಪುಸ್ತಕಗಳಲ್ಲಿ ಅಂಧರು ಓದಬಲ್ಲ ರೂಪಕ್ಕೆ ಬರುವುದು ನೂರಕ್ಕೆ 1ರಿಂದ 7 ಮಾತ್ರ. ಆ ಒಕ್ಕೂಟದವರು ಇದನ್ನು ಪುಸ್ತಕದ ಬರ ಎಂದು ಕರೆಯುತ್ತಾರೆ.

ಸಾಧನ ಕೊಟ್ಟುಬಿಟ್ಟರೆ ಕೆಲಸ ಮುಗಿಯಿತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಮ್ಮ ರಾಜ್ಯದಲ್ಲಿ ಅಂಧ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆಯಿದೆ. ಅದು ಒಳ್ಳೆಯ ಯೋಜನೆ, ನಿಲ್ಲಬಾರದು. ಆದರೆ ಕನ್ನಡ ಐಚ್ಛಿಕ ಓದುವ ಹುಡುಗಿ ಆ ಲ್ಯಾಪ್‌ಟಾಪ್ ಮನೆಗೆ ತಂದು, ಸೆಮಿಸ್ಟರಿನ ಪಠ್ಯವನ್ನು ಅದರಲ್ಲಿ ತೆರೆದರೆ ಅದು ಮಾತಾಡುವುದಿಲ್ಲ. ಮೇಷ್ಟ್ರು ಕಳಿಸಿದ ನೋಟ್ಸ್ ಫೋಟೊ ಆಗಿರುತ್ತದೆ. ಗ್ರಂಥಾಲಯದ ವಿಮರ್ಶಾ ಗ್ರಂಥದ ಡಿಜಿಟಲ್ ಪ್ರತಿ ಸ್ಕ್ಯಾನ್ ಆಗಿರುತ್ತದೆ. ಲ್ಯಾಪ್‌ಟಾಪ್ ಕೊಟ್ಟದ್ದು ಸರ್ಕಾರ. ಅದನ್ನು ಮೂಕವಾಗಿಸಿದ್ದು ಬರೆಯುವ, ಅಚ್ಚು ಹಾಕುವ, ಹಂಚುವ ನಾವೆಲ್ಲ.

ಹಾಗಾದರೆ ಆಕೆ ಓದುವುದು ಹೇಗೆ? ಗೆಳತಿಯರನ್ನು ಬೇಡಿ ಓದಿಸಿಕೊಳ್ಳುತ್ತಾಳೆ. ಅವರಿಗೂ ಪರೀಕ್ಷೆಯಿರುತ್ತದೆ. ಯಾರಾದರೂ ಓದಿ ರೆಕಾರ್ಡ್ ಮಾಡಿಕೊಟ್ಟರೆ ಕೇಳುತ್ತಾಳೆ. ಹೀಗೆ ಧ್ವನಿಮುದ್ರಿಸಿಕೊಡುವ ಸ್ವಯಂಸೇವಕರು ಕರ್ನಾಟಕದಲ್ಲಿ ನೂರಾರು ಮಂದಿ ಇದ್ದಾರೆ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ವರ್ಷಗಳಿಂದ ಈ ಕೆಲಸ ಮಾಡುತ್ತಿವೆ. ಅವರ ಶ್ರಮ ದೊಡ್ಡದು. ಆದರೆ ದನಿಯ ಪುಸ್ತಕಕ್ಕೆ ತನ್ನದೇ ಮಿತಿಯಿದೆ. ಅದರಲ್ಲಿ ಒಂದು ಪದವನ್ನು ಹುಡುಕಲಾಗದು, ಬೇಕಾದ ಪುಟಕ್ಕೆ ಸುಲಭವಾಗಿ ಹೋಗಲಾಗದು, ಒಂದು ಸಾಲನ್ನು ಎತ್ತಿ ತನ್ನ ಪ್ರಬಂಧದಲ್ಲಿ ಇಡಲಾಗದು. ಎಲ್ಲಕ್ಕಿಂತ ಮುಖ್ಯವಾಗಿ ಕಾಗುಣಿತ ಗೊತ್ತಾಗದು. ಶಕಾರವೋ ಷಕಾರವೋ, ಅಲ್ಪಪ್ರಾಣವೋ ಮಹಾಪ್ರಾಣವೋ, ಒತ್ತಕ್ಷರ ಯಾವುದು ಎಂಬುದು ಓದುವವರ ನಾಲಿಗೆಯಲ್ಲಿ ಎಷ್ಟೋ ಸಲ ಕರಗಿಹೋಗಿರುತ್ತದೆ. ಕನ್ನಡ ಎಂ.ಎ. ಮಾಡಿ ಮೇಷ್ಟರಾಗಬೇಕೆಂದಿರುವವರಿಗೆ ಇದು ಸಣ್ಣ ತೊಂದರೆಯಲ್ಲ. ಬರಹವೇ ಕೈಗೆ ಸಿಕ್ಕರೆ ಅಕ್ಷರ ಅಕ್ಷರವಾಗಿ ನಡೆದು ಪರೀಕ್ಷಿಸಬಹುದು.

ಯುನಿಕೋಡ್ ಬರಹ ಒಮ್ಮೆ ಇದ್ದರೆ ಅದು ಬೇಕಾದ ರೂಪ ತಾಳುತ್ತದೆ. ಟಾಕ್‌ಬ್ಯಾಕ್‌ನಲ್ಲಿ ದನಿಯಾಗುತ್ತದೆ. ಅರೆದೃಷ್ಟಿಯವರಿಗೆ ದೊಡ್ಡ ಅಕ್ಷರವಾಗುತ್ತದೆ, ಕಪ್ಪು ಹಿನ್ನೆಲೆಯ ಹಳದಿ ಅಕ್ಷರವಾಗುತ್ತದೆ. ಭಾರತದ ಭಾಷೆಗಳಿಗೆಲ್ಲ ಒಂದೇ ಎಂದು 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್‌ಗೆ ತಂತ್ರಾಂಶವೇ ಅದನ್ನು ಪರಿವರ್ತಿಸುತ್ತದೆ. ಬ್ರೈಲ್ ಮುದ್ರಣ ಯಂತ್ರಕ್ಕೆ ಕಳಿಸಿದರೆ ಬೆರಳಿನಿಂದ ಓದುವ ಪುಸ್ತಕ ಸಿದ್ಧ. ಹಳೆಯ ಫಾಂಟಿನ ಕಡತದಿಂದ ನೇರವಾಗಿ ದನಿಯೂ ಬರುವುದಿಲ್ಲ, ಬ್ರೈಲೂ ಬರುವುದಿಲ್ಲ.

ಈಗ ನಡೆಯುತ್ತಿರುವ ಶ್ರಮದ ಪೋಲನ್ನು ನೋಡಿ. ಪ್ರಕಾಶಕರ ಕಂಪ್ಯೂಟರಿನಲ್ಲಿ ತಿದ್ದಿ ಮುಗಿಸಿದ ಕಡತವಿದೆ. ಅದನ್ನು ಅಚ್ಚು ಹಾಕುತ್ತಾರೆ. ಆ ಪುಸ್ತಕವನ್ನು ಒಬ್ಬರು ಕೊಂಡು, ಪುಟ ಪುಟ ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶಕ್ಕೆ ಹಾಕುತ್ತಾರೆ. ಕನ್ನಡಕ್ಕೆ ಈ ತಂತ್ರಜ್ಞಾನ ಸುಲಭವಾಗಿ ಬಂದದ್ದಲ್ಲ. ಅಕ್ಷರದ ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ, ಕೊನೆಯಲ್ಲಿ ಅರ್ಕಾವತ್ತು, ಇವನ್ನೆಲ್ಲ ಬಿಡಿಸಿ ಓದುವುದನ್ನು ಯಂತ್ರಕ್ಕೆ ಕಲಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಜಿ. ರಾಮಕೃಷ್ಣನ್ ಮತ್ತು ಅವರ ಬಳಗ ಲಿಪಿಜ್ಞಾನಿ ಎಂಬ ಓಸಿಆರ್ ರೂಪಿಸಿದ್ದು ಇಂಥ ಹಟದ ಕೆಲಸದಿಂದ. ಗೂಗಲ್‌ನದೂ ಕನ್ನಡ ಓದುತ್ತದೆ. ಅಷ್ಟಾದರೂ ತಪ್ಪುಗಳು ಉಳಿಯುತ್ತವೆ. ಸ್ವಯಂಸೇವಕರು ವಾರಗಟ್ಟಲೆ ಕೂತು ತಿದ್ದುತ್ತಾರೆ. ಹೀಗೆ ಒಂದು ಪುಸ್ತಕವನ್ನು ಎರಡನೇ ಸಲ ಕಟ್ಟಿದ ಮೇಲೆ ಒಬ್ಬ ವಿದ್ಯಾರ್ಥಿಗೆ ಅದು ಸಿಗುತ್ತದೆ, ಕೆಲವೊಮ್ಮೆ ಪರೀಕ್ಷೆ ಮುಗಿದ ಮೇಲೆ. ಈ ಸುತ್ತು ಹಳೆಯ ಮೊಳೆ ಅಚ್ಚಿನ ಪುಸ್ತಕಗಳಿಗೆ ಬೇಕು, ಅವುಗಳ ಕಡತ ಎಲ್ಲಿಯೂ ಇಲ್ಲ. ಕಳೆದ ವರ್ಷ ಬಂದ ಕಾದಂಬರಿಗೆ ಇದು ಯಾಕೆ ಬೇಕು?

ಪ್ರಕಾಶಕರಿಗೆ ಕೃತಿಸ್ವಾಮ್ಯದ ಅಂಜಿಕೆಯಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಾವಿರ ಪ್ರತಿ ಮಾರುವುದೇ ಕಷ್ಟವಿರುವಾಗ ಕಡತ ಕೊಟ್ಟರೆ ಊರೆಲ್ಲ ಹಂಚಿಹೋದೀತು ಎಂಬ ಭಯ ಸಹಜ. ಕಾನೂನು ಏನು ಹೇಳುತ್ತದೆ ಎಂದು ತಿಳಿಯಿರಿ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಯಾವುದೇ ಕೃತಿಯನ್ನು ಲಾಭದ ಉದ್ದೇಶವಿಲ್ಲದೆ ಪರಿವರ್ತಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಇದನ್ನೇ ಜಗತ್ತಿಗೆಲ್ಲ ವಿಸ್ತರಿಸಿದ ಮರ‍್ರಾಕೇಶ್ ಒಪ್ಪಂದ 2013ರ ಜೂನ್‌ನಲ್ಲಿ ಆಯಿತು. ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ, 2014ರ ಜೂನ್ 24ರಂದು. ನಿಮ್ಮ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಂಧರಿಗೆ ಕೊಡುವ ಹಕ್ಕು ಸಮಾಜಕ್ಕೆ ಈಗಾಗಲೇ ಇದೆ. ನೀವು ಕಡತ ಕೊಟ್ಟರೆ ಉಳಿಯುವುದು ಆ ಸ್ವಯಂಸೇವಕರ ವಾರಗಟ್ಟಲೆಯ ಶ್ರಮ. ಕಡತವನ್ನು ನೇರ ಊರಿಗೆ ಹಂಚಬೇಕೆಂದೂ ಇಲ್ಲ. ಅಂಧರಿಗಾಗಿ ಕೆಲಸ ಮಾಡುವ ನೋಂದಾಯಿತ ಸಂಸ್ಥೆಗೆ ಅಥವಾ ಸುಗಮ್ಯ ಪುಸ್ತಕಾಲಯದಂಥ, ದೃಢೀಕರಿಸಿದ ಸದಸ್ಯರಿಗೆ ಮಾತ್ರ ಕೊಡುವ ಗ್ರಂಥಾಲಯಕ್ಕೆ ಒಪ್ಪಿಸಿ. ಅದಕ್ಕೂ ಮಿಗಿಲಾಗಿ, ಓದಲು ಬರುವ ಇ-ಪುಸ್ತಕ ಮಾಡಿ ಮಾರಾಟಕ್ಕೇ ಇಡಿ. ಅಂಧ ಓದುಗರು ಪುಸ್ತಕ ಪುಕ್ಕಟೆ ಬೇಕೆಂದು ಕೇಳುತ್ತಿಲ್ಲ, ಕೊಂಡ ಪುಸ್ತಕ ಓದಲು ಬರಲಿ ಎನ್ನುತ್ತಿದ್ದಾರೆ.

ಮಾಡಬೇಕಾದದ್ದು ಇಷ್ಟು. ಲೇಖಕರೇ, ಹಸ್ತಪ್ರತಿಯನ್ನು ಯುನಿಕೋಡಿನಲ್ಲೇ ಟೈಪಿಸಿ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಿಮ್ಮ ಬೆರಳಿಗೆ ಅಭ್ಯಾಸವಾಗಿರುವ ಕೀಲಿಮಣೆ ವಿನ್ಯಾಸ ಯುನಿಕೋಡಿನಲ್ಲೂ ಅದೇ, ಹೊಸದಾಗಿ ಕಲಿಯುವುದೇನೂ ಇಲ್ಲ. ಫೋನಿನಲ್ಲಿ ಬರೆಯುವವರು ಆಗಲೇ ಯುನಿಕೋಡಿನಲ್ಲಿ ಬರೆಯುತ್ತಿದ್ದೀರಿ. ಪ್ರಕಾಶಕರೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗ ‘ಅಂಧ ಓದುಗರಿಗೆ ಕಡತ ಒದಗಿಸಲು ನನ್ನ ಒಪ್ಪಿಗೆಯಿದೆ’ ಎಂದು ಒಂದು ಸಾಲು ಸೇರಿಸಿ. ಅಚ್ಚಿಗೆ ಹೋಗುವ ಮುನ್ನ ಆದ ತಿದ್ದುಪಡಿಗಳನ್ನು ನಿಮ್ಮ ಮೂಲ ಕಡತದಲ್ಲೂ ಮಾಡಿಟ್ಟುಕೊಳ್ಳಿ. ಎಷ್ಟೋ ಕಡೆ ಅಂತಿಮ ತಿದ್ದುಪಡಿ ಪೇಜ್‌ಮೇಕರ್‌ನಲ್ಲಿ ಮಾತ್ರ ಉಳಿದು ಲೇಖಕರ ಕಡತ ಹಳತಾಗಿಬಿಡುತ್ತದೆ.

ಪ್ರಕಾಶಕರೇ, ಪೇಜ್‌ಮೇಕರ್ ಬಿಟ್ಟರೆ ಗತಿಯಿಲ್ಲ ಎಂಬ ಕಾಲ ಮುಗಿದಿದೆ. ಇನ್‌ಡಿಸೈನ್ ಯುನಿಕೋಡ್ ಕನ್ನಡವನ್ನು ಸರಿಯಾಗಿ ಕೂರಿಸುತ್ತದೆ. ಉಚಿತವಾಗಿ ಸಿಗುವ ಸ್ಕ್ರೈಬಸ್‌ನ ಹೊಸ ಆವೃತ್ತಿಗಳೂ ಕೂರಿಸುತ್ತವೆ. ಬದಲಾಗಲು ಸಮಯ ಬೇಕಾದರೆ ತೆಗೆದುಕೊಳ್ಳಿ, ಅಲ್ಲಿಯವರೆಗೆ ಹಳೆಯ ಕಡತವನ್ನು ಯುನಿಕೋಡಿಗೆ ತಿರುಗಿಸುವ ಉಚಿತ ಪರಿವರ್ತಕಗಳನ್ನು ಬಳಸಿ. ಅರ್ಕಾವತ್ತು, ಒತ್ತಕ್ಷರಗಳ ಕಡೆ ಒಮ್ಮೆ ಕಣ್ಣಾಡಿಸಬೇಕಾಗುತ್ತದೆ, ಉಳಿದದ್ದು ಕೆಲವು ನಿಮಿಷಗಳ ಕೆಲಸ. ಒಂದು ಎಚ್ಚರಿಕೆ: ಯುನಿಕೋಡಿನಲ್ಲಿ ಕಟ್ಟಿದ ಪುಟವಾದರೂ ಅದನ್ನು ಪಿಡಿಎಫ್ ಮಾಡಿದಾಗ ಕನ್ನಡದ ಒತ್ತು, ಗುಣಿತಗಳು ಒಳಗೆ ಚೆಲ್ಲಾಪಿಲ್ಲಿಯಾಗುವುದುಂಟು. ಕಣ್ಣಿಗೆ ಸರಿಯಾಗಿ ಕಂಡದ್ದು ಕಿವಿಗೆ ತೊದಲಾಗಿ ಕೇಳಿಸುತ್ತದೆ. ಆದ್ದರಿಂದ ಪಿಡಿಎಫ್ ಒಂದನ್ನೇ ಕೊಡಬೇಡಿ. ವರ್ಡ್ ಕಡತವನ್ನೋ ಇ-ಪಬ್ ಪುಸ್ತಕವನ್ನೋ ಕೊಡಿ. ಅಧ್ಯಾಯದ ಹೆಸರುಗಳನ್ನು ಬರೀ ದಪ್ಪಕ್ಷರ ಮಾಡದೆ ತಂತ್ರಾಂಶದಲ್ಲಿರುವ ಶೀರ್ಷಿಕೆ ಶೈಲಿಯಲ್ಲಿ ಗುರುತಿಸಿದರೆ, ಕೇಳುವವರು ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ನೆಗೆಯಬಹುದು. ಚಿತ್ರವಿದ್ದರೆ ಅದರಲ್ಲಿ ಏನಿದೆ ಎಂದು ಎರಡು ಸಾಲು ಬರೆಯಿರಿ. ಇದಕ್ಕೆಲ್ಲ ಸಮಯ ಕೊಡುವ ಡಿಟಿಪಿಯವರಿಗೆ ಪುಟಕ್ಕೆ ಒಂದಿಷ್ಟು ಹೆಚ್ಚು ಕೂಲಿ ಕೊಡಿ, ಇದು ನ್ಯಾಯವಾದ ಮಾತು.

ಕಚೇರಿಗಳಲ್ಲಿರುವವರಿಗೆ ಒಂದು ಕೋರಿಕೆ. ಸುತ್ತೋಲೆಯನ್ನು ಕಂಪ್ಯೂಟರಿನಲ್ಲಿ ಟೈಪಿಸಿ, ಪ್ರಿಂಟ್ ತೆಗೆದು, ಸಹಿ ಮೊಹರು ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕುವ ಪದ್ಧತಿ ಎಲ್ಲೆಡೆ ಇದೆ. ಆ ಕ್ಷಣಕ್ಕೆ ಬರಹ ಚಿತ್ರವಾಗಿ, ಅಂಧರಿಗೆ ಕಾಣೆಯಾಗುತ್ತದೆ. ಮಾಸಾಶನದ ಅರ್ಜಿ, ವಿದ್ಯಾರ್ಥಿವೇತನದ ಕೊನೆಯ ದಿನ, ನೇಮಕಾತಿಯ ಅಧಿಸೂಚನೆ, ಅಂಗವಿಕಲರಿಗೆಂದೇ ಹೊರಡಿಸಿದ ಆದೇಶ ಕೂಡ ಹೀಗೆಯೇ ಬರುತ್ತದೆ. ಸ್ಕ್ಯಾನ್ ಪ್ರತಿ ಇರಲಿ. ಅದರ ಪಕ್ಕದಲ್ಲಿ ಟೈಪಿಸಿದ ಮೂಲ ಬರಹವನ್ನೂ ಹಾಕಿ. ಇದು ದಯೆ ಕೇಳುವ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ ಮುದ್ರಿತ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮಗಳ ಎಲ್ಲ ವಿಷಯವೂ ಅಂಗವಿಕಲರಿಗೆ ಸುಲಭವಾಗಿ ದಕ್ಕುವ ರೂಪದಲ್ಲಿರುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಇಂಥ ಮಾನದಂಡಗಳನ್ನು ಬರೀ ಸಲಹೆಯೆಂದು ಬಿಡುವಂತಿಲ್ಲ, ಕಡ್ಡಾಯ ನಿಯಮಗಳನ್ನೇ ಮಾಡಬೇಕು ಎಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಡಿಜಿಟಲ್ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನದೇ ಭಾಗ ಎಂದು 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಆ್ಯಸಿಡ್ ದಾಳಿಗೆ ಒಳಗಾದವರು, ಅಂಧರು ಬ್ಯಾಂಕಿನ ಕೆವೈಸಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಾದ ನಿಯಮವನ್ನು ಪ್ರಶ್ನಿಸಿದ್ದರಿಂದ ಬಂದ ತೀರ್ಪು ಅದು.

ಅಧ್ಯಾಪಕರೇ, ನೋಟ್ಸನ್ನು ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುವ ಬದಲು ಟೈಪಿಸಿ ಕಳಿಸಿ. ಟೈಪಿಸಲು ಕಷ್ಟವಾದರೆ ಫೋನಿಗೆ ಬಾಯಲ್ಲಿ ಹೇಳಿದರೂ ಅದು ಕನ್ನಡದಲ್ಲಿ ಬರೆದುಕೊಳ್ಳುತ್ತದೆ, ತಿದ್ದಿದರಾಯಿತು. ತರಗತಿಯಲ್ಲಿ ಒಬ್ಬ ಅಂಧ ವಿದ್ಯಾರ್ಥಿಯಿದ್ದರೆ ಸೆಮಿಸ್ಟರಿನ ಆರಂಭದಲ್ಲೇ ಪಠ್ಯಗಳ ಕಡತಕ್ಕಾಗಿ ಪ್ರಕಾಶಕರಿಗೆ ಕಾಲೇಜಿನ ಪತ್ರ ಬರೆಯಿರಿ. ವಿದ್ಯಾರ್ಥಿ ಕೇಳಿದರೆ ಸಿಗದ್ದು ಕಾಲೇಜು ಕೇಳಿದರೆ ಸಿಗುತ್ತದೆ.

ಕಿವಿ ಕೇಳದವರ ಪಾಡೂ ಇದಕ್ಕೆ ಹತ್ತಿರದ್ದೇ, ಅದಕ್ಕೆ ಬೇರೆಯದೇ ಬರಹ ಬೇಕು. ಇಲ್ಲಿ ಇಷ್ಟು ಹೇಳುತ್ತೇನೆ: ಕನ್ನಡದಲ್ಲಿ ವಿಡಿಯೊ ಮಾಡುವವರು ಕೆಳಗೆ ಕನ್ನಡದಲ್ಲೇ ಮಾತುಗಳನ್ನು ಅಕ್ಷರದಲ್ಲಿ ಕೊಡಿ. ಯಂತ್ರ ತಾನಾಗಿ ಕೊಟ್ಟದ್ದನ್ನು ಒಮ್ಮೆ ಓದಿ ತಿದ್ದಿ.

ಹಳ್ಳಿಯ ಓದುಗರ ಕೈಗೆ ಫೋನು, ಅದನ್ನು ಬಳಸುವ ತರಬೇತಿ ಸಿಗಬೇಕಾದರೆ ಗ್ರಾಮ ಪಂಚಾಯಿತಿಯ ಸದಸ್ಯರ ನೆರವು ಬೇಕು. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡುವ ವ್ಯವಸ್ಥೆ ನಮ್ಮಲ್ಲಿದೆ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಬಹುಪಾಲು ಅವರೇ ಅಂಗವಿಕಲರು, ಕಡಿಮೆ ಗೌರವಧನದಲ್ಲಿ ದುಡಿಯುವವರು. ಮುಂದಿನ ಗ್ರಾಮಸಭೆಯಲ್ಲಿ ಆ ಹಣ ಯಾವುದಕ್ಕೆ ಖರ್ಚಾಯಿತೆಂದು ಕೇಳಿ. ಏನು ಬೇಕೆಂದು ಯಾರನ್ನೂ ಕೇಳದೆ ಎಲ್ಲರಿಗೂ ಒಂದೇ ವಸ್ತು ಹಂಚಿ ಫೋಟೊ ತೆಗೆಸಿಕೊಳ್ಳುವ ಬದಲು, ಊರಿನ ಅಂಧ ಯುವತಿಗೆ ಒಂದು ಒಳ್ಳೆಯ ಸ್ಮಾರ್ಟ್‌ಫೋನ್ ಮತ್ತು ಟಾಕ್‌ಬ್ಯಾಕ್ ಕಲಿಸುವವರೊಬ್ಬರ ಪ್ರಯಾಣಭತ್ಯ ಕೊಟ್ಟರೆ ಆಕೆಯ ಓದೂ ಉದ್ಯೋಗದ ಅರ್ಜಿಯೂ ಬ್ಯಾಂಕಿನ ವ್ಯವಹಾರವೂ ಆಕೆಯ ಕೈಗೇ ಬರುತ್ತವೆ. ಬೆಂಗಳೂರಿನವರಿಗೆ ಇಂಥ ಕಲಿಕೆ ಮನೆಯ ಹತ್ತಿರವಿದೆ. ತಾಲ್ಲೂಕಿನಲ್ಲಿ ಯಾರಾದರೂ ಹೋಗಿ ಕಲಿಸಬೇಕು.

ಕನ್ನಡ ನಾಡಿಗೆ ಅಂಧರ ಪ್ರತಿಭೆ ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಎಷ್ಟು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟರೆಂಬುದು ಎಲ್ಲರಿಗೂ ಗೊತ್ತು. ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ರಚಿಸಿದರು. ಆದರೆ ಅಂಧರೆಂದರೆ ಹಾಡುವವರು ಎಂಬಲ್ಲಿಗೇ ನಮ್ಮ ಕಲ್ಪನೆ ನಿಂತುಬಿಡಬಾರದು. ಇಂದು ಆ ಮಕ್ಕಳು ನ್ಯಾಯಾಧೀಶರಾಗಬೇಕು, ಕನ್ನಡ ಪ್ರಾಧ್ಯಾಪಕರಾಗಬೇಕು, ವಿಮರ್ಶಕರಾಗಬೇಕು ಎನ್ನುತ್ತಿದ್ದಾರೆ. ಅದಕ್ಕೆ ಬೇಕಾದದ್ದು ಓದು.

ಕೊನೆಯದಾಗಿ, ಎಲ್ಲ ಓದುಗರಿಗೂ ಒಂದು ಕೆಲಸ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಕನ್ನಡ ಪುಸ್ತಕಗಳನ್ನು ನೂರಾರು ಪ್ರತಿಗಳಲ್ಲಿ ಕೊಳ್ಳುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ, ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಜನರ ಹಣದಲ್ಲೇ ಪುಸ್ತಕ ತರುತ್ತವೆ. ಅಂಧರೂ ತೆರಿಗೆ ಕಟ್ಟುವವರೇ. ಜನರ ಹಣದಲ್ಲಿ ಕೊಳ್ಳುವ, ಪ್ರಕಟಿಸುವ ಪ್ರತಿ ಪುಸ್ತಕದ ಜೊತೆ ಅದರ ಯುನಿಕೋಡ್ ಕಡತವನ್ನೂ ಒಪ್ಪಿಸಬೇಕು, ಅದು ಅಂಧ ಓದುಗರ ಗ್ರಂಥಾಲಯಕ್ಕೆ ಸೇರಬೇಕು ಎಂದು ಒಂದು ನಿಯಮ ಮಾಡಿದರೆ, ಪ್ರಕಾಶಕರನ್ನು ಒಬ್ಬೊಬ್ಬರಾಗಿ ಬೇಡುವ ಅಗತ್ಯವೇ ಬಾರದು. ಸಣ್ಣ ಪ್ರಕಾಶಕರಿಗೆ ಕಡತ ಸಿದ್ಧಪಡಿಸುವ ಖರ್ಚನ್ನು ಇಲಾಖೆಯೇ ಭರಿಸಲಿ. ಈ ನಿಯಮ ಬೇಕೆಂದು ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೂ ನಿಮ್ಮ ಶಾಸಕರಿಗೂ ಒಂದೊಂದು ಪತ್ರ ಬರೆಯಿರಿ. ನಿಮ್ಮ ಜಿಲ್ಲೆಯ ಸಾಹಿತ್ಯ ಸಮ್ಮೇಳನದ ಬಹಿರಂಗ ಅಧಿವೇಶನದಲ್ಲಿ ಇದನ್ನು ನಿರ್ಣಯವಾಗಿ ಮಂಡಿಸಿ. ಪತ್ರ ಬರೆಯುವ ಮುನ್ನ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿ ನಿಮ್ಮ ಮನೆಯಲ್ಲಿರುವ ಯಾವುದಾದರೂ ಕನ್ನಡ ಪಿಡಿಎಫ್ ಅನ್ನು ಓದಿಸಿ ನೋಡಿ. ಅದು ಏನು ಓದಿತೋ ಅದನ್ನೇ ಪತ್ರದ ಮೊದಲ ಸಾಲಾಗಿ ಬರೆಯಿರಿ.